ಲಾಭ ಇದೆ, ಗಲ್ಲಾದಲ್ಲಿ ದುಡ್ಡಿಲ್ಲ!

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಕಿರಾಣಿ ಅಂಗಡಿ. ಕಳೆದ ತಿಂಗಳ ವ್ಯಾಪಾರ 1,80,000 ರೂಪಾಯಿ. ಸಾಮಾನಿನ ಅಸಲು 1,40,000. ಮಾರಿದಷ್ಟನ್ನೇ ನಗದು ಕೊಟ್ಟು ಮತ್ತೆ ತಂದಿದ್ದೇನೆ. ಬಾಡಿಗೆ, ಕರೆಂಟು 10,000. ಅಂದರೆ 30,000 ಲಾಭ ಅಲ್ವಾ? ಆದರೆ ಗಲ್ಲಾದಲ್ಲಿ ಮೊದಲಿಗಿಂತ 17,000 ಕಡಿಮೆ ಇದೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಉದ್ರಿ ಎಷ್ಟು ಕೊಟ್ಟಿದ್ದೀರಿ ಅಣ್ಣ?

ಕೇಳಿದವರು: 35,000. ಮನೆಗೆ ಅಂತ 12,000 ತೆಗೆದಿದ್ದೇನೆ.

ಉತ್ತರ: ಎರಡೂ ಸೇರಿ 47,000. ಲಾಭದಲ್ಲಿ ಕಳೆಯಿರಿ, ಸರಿಯಾಗಿ 17,000 ಕೊರತೆ. ನಾನು ಇಪ್ಪತ್ತು ವರ್ಷ ಅಂಗಡಿಗಳ ಲೆಕ್ಕ ಬರೆದವನು. ಜಾಸ್ತಿ ಜನ ಎಡವುವುದು ಇಲ್ಲೇ. ಉದ್ರಿ ಕೊಟ್ಟ ದಿನವೇ ಅದು ಮಾರಾಟ, ದುಡ್ಡು ಬರುವುದು ಆಮೇಲೆ. ಮನೆಗೆ ತೆಗೆದದ್ದು ಅಂಗಡಿ ಖರ್ಚಲ್ಲ, ನಿಮ್ಮ ಬಂಡವಾಳದಲ್ಲಿ ಕಳೆಯಬೇಕು. ಉದ್ರಿಗೆ ಬೇರೆ ಪುಸ್ತಕ ಇಡಿ, ಒಬ್ಬೊಬ್ಬರಿಗೆ ಒಂದೊಂದು ಪುಟ.

ಕೇಳಿದವರು: ಇವತ್ತೇ ತರುತ್ತೇನೆ.