ತಾತನ ಟ್ರಂಕಿನಲ್ಲಿ 1971ರ ಪದಕ: ಅವರು ಎಲ್ಲಿದ್ದರು ಅಂತ ತಿಳಿಯೋದು ಹೇಗೆ?

ಪ್ರಶ್ನೆ

ನಮ್ಮ ತಾತ ಎಂಇಜಿಯಲ್ಲಿದ್ದರು, ಅಂದರೆ ಮದ್ರಾಸ್ ಸ್ಯಾಪರ್ಸ್, ಸೇನೆಯ ಎಂಜಿನಿಯರ್ ದಳ. ಯುದ್ಧದ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಹೋದ ವಾರ ಅವರ ಕಪ್ಪು ಟ್ರಂಕು ತೆಗೆದೆ. ಡಿಸ್ಚಾರ್ಜ್ ಬುಕ್ ಇದೆ. ಐದು ಮೂಲೆಯ ನಕ್ಷತ್ರದ ಹಾಗಿರುವ ಪದಕವೊಂದಿದೆ, ಅದರ ಮೇಲೆ 'ಪಶ್ಚಿಮಿ ಸ್ಟಾರ್' ಅಂತಿದೆ. ಜೊತೆಗೆ ಒಂದು ದುಂಡನೆಯ ಸಂಗ್ರಾಮ್ ಮೆಡಲ್. ಅಜ್ಜಿಗೆ ಬರೆದ ಪತ್ರಗಳೂ ಇವೆ. ಆದರೆ ವಿಳಾಸದಲ್ಲಿ ಊರೇ ಇಲ್ಲ, ಬರೀ '56 ಎಪಿಒ'. ತಳದಲ್ಲಿ ಒಂದು ಸುತ್ತು ಬಿಳಿ ನವಾರೂ ಇತ್ತು, ಮಂಚಕ್ಕೆ ತಂದಿದ್ದಿರಬೇಕು. ಅವರು ಎಲ್ಲಿ ಹೋರಾಡಿದರು ಅಂತ ತಿಳಿಯಬಹುದಾ?

ಉತ್ತರ 1

ನಾನೂ ಸ್ಯಾಪರ್. 1969ರಲ್ಲಿ ಅಲಸೂರು ಕೆರೆ ಪಕ್ಕದ ನಮ್ಮ ಸೆಂಟರ್‌ನಲ್ಲಿ ಭರ್ತಿಯಾದೆ. ಬಾಂಗ್ಲಾ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್, ಪಾಕಿಸ್ತಾನದ ಗಡಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಹಾಗಾಗಿ ನಿಮ್ಮ ತಾತ ಪಶ್ಚಿಮದಲ್ಲಿದ್ದರು, ಅದರಲ್ಲಿ ಅನುಮಾನ ಬೇಡ. ಎಪಿಒ ಅಂದರೆ ಸೇನೆಯ ಅಂಚೆ. ಪಲ್ಟನ್ ಎಲ್ಲಿದೆ ಅಂತ ಹೊರಗೆ ಗೊತ್ತಾಗಬಾರದು ಅಂತಲೇ ಊರಿನ ಹೆಸರು ಬರೆಯುತ್ತಿರಲಿಲ್ಲ.

ಆ ನವಾರು ಮಂಚದ್ದಲ್ಲ ಅನ್ನಿಸುತ್ತೆ. ಮೈನುಗಳ, ಅಂದರೆ ನೆಲದಲ್ಲಿ ಹೂತ ಬಾಂಬುಗಳ, ನಡುವೆ ದಾರಿ ಮಾಡಿದ ಮೇಲೆ ಎರಡೂ ಬದಿಗೆ ನಾವು ಎಳೆಯುತ್ತಿದ್ದುದು ಅಂಥದ್ದೇ ಬಿಳಿ ಪಟ್ಟಿ. ಮೈನು ಹುಡುಕಲು ಹೊಟ್ಟೆ ಮೇಲೆ ಮಲಗಿ, ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು. ನೇರ ಚುಚ್ಚಿದರೆ ಮೈನಿನ ತಲೆಗೇ ತಗಲುತ್ತೆ. ಡಿಸೆಂಬರ್ ಚಳಿಗೆ ಬೆರಳು ಮರಗಟ್ಟುತ್ತಿತ್ತು, ಆದರೂ ಕೈಗವಸು ಹಾಕುತ್ತಿರಲಿಲ್ಲ. ಕಡ್ಡಿಗೆ ಕಲ್ಲು ಸಿಕ್ಕಿದೆಯೋ ತಗಡೋ ಅಂತ ಬೆರಳಿಗೇ ಗೊತ್ತಾಗಬೇಕು, ಅಲ್ವಾ?

ಪಾಕಿಸ್ತಾನದ ಶಕರ್‌ಗಢದ ಬಸಂತರ್ ಹೊಳೆಯ ಹತ್ತಿರ ನಮ್ಮ 9 ಎಂಜಿನಿಯರ್ ರೆಜಿಮೆಂಟಿನವರು ದಾರಿ ತೆಗೆಯುತ್ತಿದ್ದರು. ಕೆಲಸ ಪೂರ್ತಿ ಆಗುವ ಮೊದಲೇ ಟ್ಯಾಂಕ್ ರೆಜಿಮೆಂಟ್ ಪೂನಾ ಹಾರ್ಸ್‌ನ ಟ್ಯಾಂಕುಗಳು ಅದೇ ದಾರಿಯಲ್ಲಿ ನುಗ್ಗಿದವು. ಡಿಸೆಂಬರ್ 16ರಂದು ಅದೇ ರೆಜಿಮೆಂಟಿನ ಅಧಿಕಾರಿ ಅರುಣ್ ಖೇತರ್‌ಪಾಲ್ ತೀರಿಕೊಂಡಿದ್ದು ಅಲ್ಲೇ. 21 ವರ್ಷದ ಹುಡುಗ, ಪರಮವೀರ ಚಕ್ರ ಬಂತು. ಅವರ ಹೆಸರು ಎಲ್ಲರಿಗೂ ಗೊತ್ತಿದೆ, ಗೊತ್ತಿರಲೇಬೇಕು. ದಾರಿ ತೆಗೆದವರ ಹೆಸರನ್ನೂ ಯಾರಾದರೂ ಕೇಳಲಿ ಅಂತ ನನಗೆ ತುಂಬಾ ಆಸೆ.

17ರ ರಾತ್ರಿ 8 ಗಂಟೆಗೆ ಕದನ ವಿರಾಮ ಆಯಿತು. ನಮ್ಮ ಕೆಲಸ ನಿಲ್ಲಲಿಲ್ಲ. ನಾವೇ ಹೂತ ಮೈನು, ಅವರು ಹೂತದ್ದು, ಎಲ್ಲ ತೆಗೆಯಲು ತಿಂಗಳುಗಟ್ಟಲೆ ಹಿಡಿಯಿತು. ನನ್ನ ಜೊತೆ ಭರ್ತಿಯಾದ ಗೆಳೆಯ ಕಾಲು ಕಳೆದುಕೊಂಡದ್ದು ಕದನ ವಿರಾಮ ಆದ ಮೇಲೆ.

ಉತ್ತರ 2

ಡಿಸ್ಚಾರ್ಜ್ ಬುಕ್‌ನಲ್ಲಿ ಸರ್ವಿಸ್ ನಂಬರ್ ಇರುತ್ತೆ. ಅದನ್ನು ಕೊಟ್ಟು ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ಗೆ ಅಜ್ಜಿಯ ಹೆಸರಲ್ಲಿ ಬರೆಯಿರಿ. ಪಿಂಚಣಿ ಪುಸ್ತಕದಲ್ಲಿ ಅಜ್ಜಿಯ ಹೆಸರು ಸರಿಯಾಗಿದೆಯಾ ಅಂತ ಈಗಲೇ ನೋಡಿ. ನಮ್ಮಮ್ಮನ ಹೆಸರಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಅದು ಸರಿಹೋಗೋವರೆಗೆ ಕುಟುಂಬ ಪಿಂಚಣಿಗೆ ತುಂಬಾ ಅಲೆದೆವು. ಪತ್ರ ಬರೆಯೋಕೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಸಹಾಯ ಮಾಡ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆ. ಅಜ್ಜಿಯ ಹೆಸರು ಸರಿಯಾಗಿದೆ. ನವಾರಿನ ವಿಷಯ ಅಜ್ಜಿಗೆ ಓದಿ ಹೇಳಿದೆ. ಮಂಚದ ನವಾರು ಹರಿದಾಗ ಒಮ್ಮೆ ಅಜ್ಜಿ ಇದನ್ನು ಕೇಳಿದ್ದರಂತೆ. ತಾತ ಅದನ್ನು ಕೊಡದೆ, ಅವತ್ತೇ ಪೇಟೆಗೆ ಹೋಗಿ ಹೊಸದು ತಂದರಂತೆ.