ಪದಚರ್ಚೆ: ಹೆಪ್ಪುಗಟ್ಟುವುದು, ಹೆಪ್ಪುಗಟ್ಟಿಸುವುದು

ಬಳಗದ ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುವ ಮಕ್ಕಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಉರಿಯೂತದ ಸುದ್ದಿ ಮುಟ್ಟಿಸುವ ಸೈಟೊಕೈನ್‌ಗಳಿಗೂ ರಕ್ತ ಹೆಪ್ಪುಗಟ್ಟುವುದಕ್ಕೂ ಇರುವ ನಂಟನ್ನು ಹೇಳುವ ಕಡೆ ಸರಿಯಾದ ಕ್ರಿಯಾಪದ ಸಿಗುತ್ತಿಲ್ಲ.

ಮಾನೊಸೈಟ್ ಎಂಬ ಬಿಳಿ ರಕ್ತಕಣ ಸುಮ್ಮನಿದ್ದಾಗ ರಕ್ತದ ಗೊಡವೆಗೆ ಹೋಗುವುದಿಲ್ಲ. ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷವಾಗಲಿ, ಟಿ.ಎನ್.ಎಫ್., ಇಂಟರ್‌ಲೂಕಿನ್-1ರಂಥ ಸೈಟೊಕೈನ್ ಆಗಲಿ ತಾಕಿದರೆ ಕೆಲವೇ ಗಂಟೆಗಳಲ್ಲಿ ಅದರ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಮೂಡುತ್ತದೆ. ರಕ್ತದಲ್ಲಿರುವ 7ನೇ ಫ್ಯಾಕ್ಟರ್ (ಹೆಪ್ಪುಗಟ್ಟಲು ಬೇಕಾದ, ಅಂಕಿಯಿಂದ ಗುರುತಿಸುವ ಪ್ರೋಟೀನುಗಳಲ್ಲಿ ಒಂದು) ಅದಕ್ಕೆ ಅಂಟಿಕೊಂಡು 10ನೆಯದನ್ನು ಚುರುಕುಗೊಳಿಸುತ್ತದೆ. ಅದರಿಂದ ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ, ರಕ್ತದಲ್ಲಿ ಕರಗಿರುವ ಫೈಬ್ರಿನೊಜೆನ್ ಗಟ್ಟಿಯಾದ ಫೈಬ್ರಿನ್ ಎಳೆಯಾಗುತ್ತದೆ. ಇಂಟರ್‌ಲೂಕಿನ್-10ರದು ಎದುರು ದಾರಿ, ಟಿಶ್ಯೂ ಫ್ಯಾಕ್ಟರ್ ತಯಾರಾಗುವುದನ್ನೇ ಅದು ತಗ್ಗಿಸುತ್ತದೆ.

‘ಸೈಟೊಕೈನ್‌ನಿಂದ ರಕ್ತ ಹೆಪ್ಪುಗಟ್ಟುತ್ತದೆ’ ಎಂದು ಬರೆದರೆ ನಡುವಿನ ಮಾನೊಸೈಟ್ ಮಾಯವಾಗುತ್ತದೆ. ಹೆಪ್ಪುಗಟ್ಟುವುದು ರಕ್ತ, ಹೆಪ್ಪುಗಟ್ಟಿಸುವುದು ಮಾನೊಸೈಟ್. ಸೈಟೊಕೈನಿನ ಕೆಲಸ ಅದಕ್ಕೂ ಹಿಂದಿನದು. ‘ಮಾಡಿಸು’ ಆದಮೇಲೆ ‘ಮಾಡಿಸಿಸು’ ಇಲ್ಲವಲ್ಲ! ಹಾಗಾಗಿ ‘ಹೆಪ್ಪುಗಟ್ಟಿಸುವಂತೆ ಮಾಡುತ್ತವೆ’ ಎಂದಿದ್ದೇನೆ. ಉದ್ದವಾಯಿತು, ಆದರೆ ಅರ್ಥ ಕೆಡಲಿಲ್ಲ.

ಲ್ಯಾಬಿನ ಪ್ರಯೋಗದಲ್ಲೂ ಈ ವ್ಯತ್ಯಾಸ ಬೇಕೇ ಬೇಕು. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಸಿಟ್ರೇಟ್ ಎಂಬ ಲವಣ ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಮನ್ನು ಹಿಡಿದಿಟ್ಟಿರುವುದರಿಂದ ರಕ್ತ ನೀರಾಗಿಯೇ ಇರುತ್ತದೆ. ಅದರಿಂದ ತೆಗೆದ ಪ್ಲಾಸ್ಮಾಕ್ಕೆ (ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವಕ್ಕೆ) ಎಂಡೊಟಾಕ್ಸಿನ್ ತಾಕಿದ ಮಾನೊಸೈಟ್‌ಗಳನ್ನು ಬೆರೆಸಿ, ಕ್ಯಾಲ್ಸಿಯಂ ಕೊಟ್ಟು ಸೆಕೆಂಡು ಎಣಿಸಬೇಕು. ಸುಮ್ಮನಿದ್ದ ಮಾನೊಸೈಟ್ ಬೆರೆಸಿದ್ದಕ್ಕಿಂತ ಇದು ಬೇಗ ಗಟ್ಟಿಯಾಗುತ್ತದೆ. ಟಿಶ್ಯೂ ಫ್ಯಾಕ್ಟರನ್ನು ತಡೆಯುವ ಆಂಟಿಬಾಡಿ ಮೊದಲೇ ಹಾಕಿದರೆ ಆ ಬೇಗ ಇರುವುದಿಲ್ಲ. ಇಲ್ಲಿ ಅಳೆಯುವುದು ಮಾನೊಸೈಟಿನ ‘ಹೆಪ್ಪುಗಟ್ಟಿಸುವ ಗುಣ’ವನ್ನು. ಈ ಪ್ರಯೋಗ ಇಟ್ಟುಕೊಂಡು ‘ಹೆಪ್ಪುಗಟ್ಟುವಿಕೆ’ ಎಂದಷ್ಟೇ ಬರೆದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ.

ಇನ್ನು ಟಿಶ್ಯೂ ಫ್ಯಾಕ್ಟರ್. ‘ಅಂಗಾಂಶ ಅಂಶ’ ನಾಲಿಗೆಗೆ ತೊಡಕು. ‘ಅಂಗಾಂಶ ಘಟಕ’ ಎಂದರೆ ಅಂಗಾಂಶದ್ದೇ ಒಂದು ತುಂಡು ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಹಾಲಿಗೆ ಹಾಕುವ ಆ ಒಂದು ಚಮಚೆ ಮೊಸರಿಗೆ ‘ಹೆಪ್ಪು’ ಅನ್ನುತ್ತೇವೆ. ಆರಂಭ ಮಾಡಿಕೊಡುವುದು ಅದು. ಟಿಶ್ಯೂ ಫ್ಯಾಕ್ಟರಿನದೂ ಅದೇ ಪಾತ್ರ. (ಹಾಲು ಗಟ್ಟಿಯಾಗುವುದು ಹುಳಿಯಿಂದ, ರಕ್ತ ಕಿಣ್ವಗಳಿಂದ, ಹೋಲಿಕೆಯನ್ನು ಅಲ್ಲಿಗೇ ಬಿಡಬೇಕು.) ಹಾಗಾದರೆ ‘ಹೆಪ್ಪುಕಾರಕ’ ನಡೆದೀತೆ?

ಗಟ್ಟಿಯಾದ ಮೇಲೆ ಉಳಿಯುವ ಮುದ್ದೆಗೂ ಬೇರೆ ಹೆಸರು ಬೇಕು. ಜನ ‘ಗಡ್ಡೆ’ ಅನ್ನುತ್ತಾರೆ, ಆದರೆ ಟ್ಯೂಮರಿಗೂ ಅದೇ ಮಾತು. ರೋಗಿಯ ಕಡೆಯವರು ಸುಮ್ಮನೆ ಗಾಬರಿಯಾಗುತ್ತಾರೆ. ನನಗೆ ‘ಗರಣೆ’ ಒಪ್ಪುತ್ತದೆ. ಪಾವಗಡ, ಮಧುಗಿರಿ, ಮುಳಬಾಗಿಲು ಕಡೆಯವರು ಯಾರಾದರೂ ಇದ್ದರೆ ತಿಳಿಸಿ: ರಕ್ತದ ವಿಷಯಕ್ಕೆ ‘ಗರಣೆ’ ನಿಮ್ಮ ಮನೆಮಾತಿನಲ್ಲಿ ಇದೆಯೇ, ಇಲ್ಲವಾದರೆ ಏನನ್ನುತ್ತೀರಿ?