ಅಪರ್ಟ್ ಸಿಂಡ್ರೋಮ್: ಮೊದಲು ತಲೆಯೋ, ಕೈಯೋ?

ಜಯನಗರ_ಚಿಕ್ಕಮ್ಮ:
ಅಕ್ಕನ ಮಗುವಿಗೆ 4 ತಿಂಗಳು. ಹಣೆ ಎತ್ತರ, ಕಣ್ಣು ಮುಂದಕ್ಕೆ, ಎರಡೂ ಕೈಯ ಬೆರಳು ಅಂಟಿಕೊಂಡು ಉಗುರೂ ಒಂದೇ ಪಟ್ಟಿ. ಅಪರ್ಟ್ (ತಲೆಬುರುಡೆಯ ಮೂಳೆ, ಬೆರಳು ಬೆಸೆದುಕೊಂಡು ಹುಟ್ಟುವ ಕಾಯಿಲೆ) ಅಂದಿದ್ದಾರೆ. ನೆತ್ತಿ ಮೆತ್ತಗೇ ಇದೆ, ತಲೆಗೆ ಅವಸರವಿಲ್ಲ, ಕೈ ಮೊದಲು ಮಾಡಿಸೋಣ ಅಂತಾರೆ ಮನೆಯಲ್ಲಿ. ಅಕ್ಕ ಸೋದರತ್ತೆ ಮಗನನ್ನೇ ಮದುವೆಯಾಗಿದ್ದಕ್ಕೆ ಹೀಗಾಯ್ತು ಅನ್ನೋ ಮಾತು ಬೇರೆ. ನಿಜವಾ?

ಹೊಲಿಗೆ_ಮೂಳೆ:
ನೆತ್ತಿ ನಂಬಬೇಡಿ. ಕಿವಿಯಿಂದ ಕಿವಿಗೆ ಹಾಯುವ ಕೊರೋನಲ್ ಹೊಲಿಗೆ (ತಲೆಬುರುಡೆಯ ಮೂಳೆಗಳು ಕೂಡುವ ಗೆರೆ) ಹುಟ್ಟುವ ಮೊದಲೇ ಬೆಸೆದಿರುತ್ತದೆ. ನಡುನೆತ್ತಿ ಮಾತ್ರ ಅಗಲವಾಗಿ ಬಾಯ್ಬಿಟ್ಟಿರುತ್ತದೆ. ಅದು ಮೆತ್ತಗಿದ್ದರೂ ಒಳಗೆ ಒತ್ತಡ ಏರಬಹುದು. ಪಾಪೆ ಹಿಗ್ಗಿಸಿ ಕಣ್ಣಿನ ನರ ನೋಡಿಸಿ. ನರ ಊದಿಲ್ಲ ಎಂದರೂ ನಿಶ್ಚಿಂತೆ ಬೇಡ, ಎಳೆಮಕ್ಕಳಲ್ಲಿ ಊತವಿಲ್ಲದೆಯೂ ಒತ್ತಡ ಇರುವುದುಂಟು. ಹಿಂದಲೆ ಹಿಗ್ಗಿಸುವ ಆಪರೇಷನ್ ಅನ್ನು ಅನೇಕ ತಂಡಗಳು 6 ತಿಂಗಳ ಆಸುಪಾಸಿನಲ್ಲೇ ಮಾಡುತ್ತವೆ, ಹಣೆ ಆಮೇಲೆ.

ಕೈ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ಹೆಬ್ಬೆರಳು, ಕಿರುಬೆರಳು ಮೊದಲು. ಒಂದು ಬೆರಳಿನ ಎರಡೂ ಬದಿ ಒಟ್ಟಿಗೆ ಬಿಡಿಸಿದರೆ ಅದಕ್ಕೆ ರಕ್ತ ಹರಿಯುವುದೇ ನಿಲ್ಲಬಹುದು, ಅದಕ್ಕೇ ಹಂತಹಂತ. ಕಡಿಮೆ ಬೀಳುವ ಚರ್ಮವನ್ನು ತೊಡೆಸಂದಿನಿಂದ ತೆಗೆದು ಹಾಕುತ್ತಾರೆ. ಬೇರೆಯಾದ ಮೇಲೂ ನಡುಬೆರಳುಗಳ ಗೆಣ್ಣು ಮಡಚುವುದಿಲ್ಲ. ಇದನ್ನು ಮನೆಯವರಿಗೆ ಈಗಲೇ ಹೇಳಿಬಿಡಿ. ಅಲ್ಲಿಯವರೆಗೆ ಆ ಉಗುರುಪಟ್ಟಿಯ ಸಂದು ಒಣಗಿರಲಿ, ಕೀವಾಗುವುದು ಅಲ್ಲೇ.

ಮತ್ತಿನ_ಮೇಜು:
ಗೊರಕೆ, ಉಸಿರು ಕಟ್ಟುವುದು ಇದ್ದರೆ ಆಪರೇಷನ್‌ಗೆ ಮುಂಚೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ನೋಡುವ ಪರೀಕ್ಷೆ). ಕತ್ತಿನ 5, 6ನೇ ಮೂಳೆ ಬೆಸೆದಿರುವುದು ಇವರಲ್ಲಿ ಸಾಮಾನ್ಯ, ಎಳೆವಯಸ್ಸಿನ ಎಕ್ಸ್‌ರೇಯಲ್ಲಿ ಕಾಣದಿರಬಹುದು. ಅದಕ್ಕೇ ಅರಿವಳಿಕೆ ಡಾಕ್ಟರಿಗೆ ರೋಗದ ಹೆಸರು ಹೇಳಿಯೇ ಹೇಳಿ. ನಿದ್ದೆಯಲ್ಲಿ ರೆಪ್ಪೆ ಮುಚ್ಚದಿದ್ದರೆ ರಾತ್ರಿ ಕಣ್ಣಿಗೆ ಹಾಕುವ ಮುಲಾಮು ಕೇಳಿ.

ವಂಶವಾಹಿ:
ಸೋದರಿಕೆಗೂ ಅಪರ್ಟ್‌ಗೂ ಸಂಬಂಧವಿಲ್ಲ. ಎಫ್‌ಜಿಎಫ್‌ಆರ್2 ಜೀನ್‌ನಲ್ಲಿ ಹೊಸದಾಗಿ ಆದ ಬದಲಾವಣೆ. ತಂದೆಯ ವಯಸ್ಸಿನೊಂದಿಗೆ ಸಂಭವ ಹೆಚ್ಚುತ್ತದೆ. ಬಹುತೇಕ ಎಲ್ಲರಲ್ಲೂ ಎರಡೇ ಜಾಗ, ಆ ಜೀನ್ ಕೊಡುವ ಪ್ರೋಟೀನಿನ 252 ಅಥವಾ 253ನೇ ಕೊಂಡಿ. ಎರಡೂ ಜೀನ್‌ನ ಒಂದೇ ತುಣುಕಿನಲ್ಲಿ (ಎಕ್ಸಾನ್) ಇವೆ. ಹಾಗಾಗಿ ಎಲ್ಲ ಜೀನ್‌ಗಳನ್ನೂ ನೋಡುವ ದುಬಾರಿ ಎಕ್ಸೋಮ್ ಪರೀಕ್ಷೆಗೆ ಮೊದಲು ಆ ತುಣುಕನ್ನಷ್ಟೇ ಓದುವ ಸ್ಯಾಂಗರ್ ಪರೀಕ್ಷೆ ಸಾಕು. ತಂದೆತಾಯಿಗೆ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಂಭವ ತೀರಾ ಕಡಿಮೆ. ಈ ಮಗು ದೊಡ್ಡದಾದಾಗ ಅದರ ಮಕ್ಕಳಿಗೆ ಮಾತ್ರ ಶೇ. 50.

ಒಂದು ಮಾತು: ಕಾಲಲ್ಲಿ ಹೆಚ್ಚುವರಿ ಬೆರಳಿದ್ದರೆ ಇದನ್ನೇ ಹೋಲುವ ಕಾರ್ಪೆಂಟರ್ ಸಿಂಡ್ರೋಮ್ ನೆನೆಯಬೇಕು. ಅದು ತಂದೆ, ತಾಯಿ ಇಬ್ಬರಿಂದಲೂ ಜೀನ್ ದೋಷ ಬಂದರೆ ಆಗುವುದು, ಹಾಗಾಗಿ ಅಲ್ಲಿ ಸೋದರಿಕೆ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಲ್ಲೇ ಇದ್ದೀರಿ; ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಇಲ್ಲಿನ ಕೇಂದ್ರ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್.

ಜಯನಗರ_ಚಿಕ್ಕಮ್ಮ:
ಹೆಚ್ಚುವರಿ ಬೆರಳಿಲ್ಲ. ಪರೀಕ್ಷೆಗೆ ರಕ್ತ ಯಾವಾಗ ಕೊಡೋದು?

ವಂಶವಾಹಿ:
ತಲೆ ಆಪರೇಷನ್‌ಗೆ ಮೊದಲೇ, ನೇರಳೆ ಮುಚ್ಚಳದ ಟ್ಯೂಬಲ್ಲಿ. ಆಪರೇಷನ್ನಿನಲ್ಲಿ ಬೇರೆಯವರ ರಕ್ತ ಏರಿಸಿದ ಮೇಲೆ ತೆಗೆದರೆ ಫಲಿತಾಂಶ ಗೊಂದಲವಾಗಬಹುದು.